ಏಳು ವರ್ಷದ ಮಗಳಿಗೆ ಮೊದಲ ಡರ್ಟ್ ಬೈಕ್: ಯಾವುದು ತಗೊಳ್ಳಲಿ, ಈಗಲೇ ತಗೊಳ್ಳಬಹುದಾ?

ಕಣದಮನೆ, ಸಕಲೇಶಪುರ ಕಡೆ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು ತುಂಬಿದೆ. ಎತ್ತರ 118 ಸೆಂ.ಮೀ., ತೂಕ 22 ಕೆ.ಜಿ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಿಕ್ಕಜಾಲದಲ್ಲಿ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಾದ ಸೂಪರ್‌ಕ್ರಾಸ್ ಲೀಗ್‌ನ ಫೈನಲ್ ನಡೆದಾಗ ಅವಳನ್ನು ಕರೆದುಕೊಂಡು ಹೋಗಿದ್ದೆ. ಅಂದಿನಿಂದ ಒಂದೇ ಮಾತು, ನನಗೂ ಬೈಕ್ ಬೇಕು. ಚಿಕ್ಕ ಮಕ್ಕಳ ಆಸೆ, ಎರಡು ತಿಂಗಳಲ್ಲಿ ಮರೆಯುತ್ತಾಳೆ ಅಂದುಕೊಂಡೆ. ಮರೆತಿಲ್ಲ.

ನಮ್ಮದು ಸಣ್ಣ ಕಾಫಿ ತೋಟ. ಮನೆ ಮುಂದೆ ಸಿಮೆಂಟಿನ ಕಣ ಇದೆ. ಕೆಳಗೆ ಅರ್ಧ ಎಕರೆ ಗದ್ದೆ ಬಯಲು, ಈಗ ನಾಟಿ ಮಾಡುವುದು ಬಿಟ್ಟಿದ್ದೇವೆ. ತೋಟದೊಳಗೆ ಪಿಕಪ್ ಹೋಗುವಷ್ಟು ಮಣ್ಣಿನ ದಾರಿ ಇದೆ.

ಆನ್‌ಲೈನ್‌ನಲ್ಲಿ 49 ಸಿಸಿಯ ಸಣ್ಣ ಬೈಕುಗಳು ನಲವತ್ತು ಸಾವಿರದೊಳಗೆ ಸಿಗುತ್ತವೆ. ಕವಾಸಾಕಿ ಕೆಎಲ್‌ಎಕ್ಸ್ 110 ಮೂರು ಲಕ್ಷದ ಆಸುಪಾಸು. ದೊಡ್ಡದನ್ನೇ ತಗೊಂಡರೆ ಹನ್ನೆರಡು ವರ್ಷದವರೆಗೂ ಓಡಿಸಬಹುದು ಎಂಬುದು ನನ್ನ ಲೆಕ್ಕ. ನನ್ನ ಹೆಂಡತಿಗೆ ಇದು ಒಂಚೂರೂ ಇಷ್ಟವಿಲ್ಲ. ಅವಳ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಗ್ರೀಸ್ ಕೈ, ಹಾಸನ

ಅಣ್ಣ, ನಾನು ಮೆಕ್ಯಾನಿಕ್. ಆ ಆನ್‌ಲೈನ್ ಬೈಕುಗಳು ನನ್ನ ಶೆಡ್ಡಿಗೆ ನಾಲ್ಕೈದು ಬಂದಿವೆ. ಬಂದ ಒಂದೊಂದರ ಕಥೆಯೂ ಒಂದೇ ಥರ ಇತ್ತು.

ಎಂಜಿನ್ ಅಂದರೆ ನಿಮ್ಮ ಕಳೆ ಕೊಚ್ಚುವ ಮಷಿನ್ನಿನ ಎಂಜಿನ್ ಜಾತಿಯದು. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಗೇರ್ ಇಲ್ಲ, ನ್ಯೂಟ್ರಲ್ ಕೂಡ ಇಲ್ಲ. ಎಂಜಿನ್ ವೇಗ ಏರಿದ ತಕ್ಷಣ ಕ್ಲಚ್ ತಾನಾಗಿ ಹಿಡಿದುಕೊಳ್ಳುತ್ತದೆ, ಗಾಡಿ ಮುಂದೆ ಹಾರುತ್ತದೆ. ಮಗು ಪಕ್ಕದಲ್ಲಿ ನಿಂತು ಸುಮ್ನೆ ಆಕ್ಸಿಲರೇಟರ್ ಮುಟ್ಟಿದರೂ ಸಾಕು. ಹಾಗೇ ಒಂದು ಬೈಕು ಮನೆಯ ಮೆಟ್ಟಿಲಿಗೆ ಹೋಗಿ ಬಡಿದಿತ್ತು. ಪುಣ್ಯ, ಅದರ ಮೇಲೆ ಯಾರೂ ಕೂತಿರಲಿಲ್ಲ.

ಇನ್ನೊಂದರಲ್ಲಿ ಆಕ್ಸಿಲರೇಟರ್ ಕೇಬಲ್ ಗಿಡ್ಡ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಕೇಬಲ್ ಬಿಗಿದು ಎಂಜಿನ್ ತಾನಾಗಿ ಜೋರಾಗುತ್ತಿತ್ತು. ಏಳು ವರ್ಷದ ಮಗು ತಿರುವಿನಲ್ಲಿ ಇರುವಾಗ ಗಾಡಿ ಹೀಗೆ ಮಾಡಿದರೆ ಏನು ಮಾಡಬೇಕು ಹೇಳಿ. ಚೈನಿಗೆ ಸರಿಯಾದ ಕವರ್ ಇಲ್ಲ. ಸೈಲೆನ್ಸರ್ ಕಾಲಿಗೆ ತಾಗುತ್ತದೆ. ಬ್ರೇಕ್ ಪ್ಯಾಡ್ ಹೋದರೆ ಅದೇ ಸೈಜಿನದು ಸಿಗುವುದಿಲ್ಲ.

ಯಾವ ಕಂಪನಿಯದೇ ತಗೊಳ್ಳಿ, ಹೊಸದೇ ಇರಲಿ ಹಳೆಯದೇ ಇರಲಿ, ಮಗುವನ್ನು ಕೂರಿಸುವ ಮೊದಲು ಒಂದು ಕೆಲಸ ಮಾಡಿ. ಹಿಂದಿನ ಚಕ್ರ ನೆಲ ಬಿಡುವ ಹಾಗೆ ಸ್ಟ್ಯಾಂಡ್ ಮೇಲೆ ಇಡಿ. ಎಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ತಿರುಗಿಸಿ ಕೈ ಬಿಡಿ. ಟಪ್ ಅಂತ ಹಿಂದಕ್ಕೆ ಬರಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ಹಾಗೇ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ ಮತ್ತೆ ನೋಡಿ. ಎಂಜಿನ್ ನಿಲ್ಲಿಸುವ ಸ್ವಿಚ್ಚಿಗೆ ಹಗ್ಗ ಕಟ್ಟಿ ಮಗುವಿನ ಕೈಗೆ ಸಿಕ್ಕಿಸುವ ಥರದ್ದು ಬರುತ್ತದೆ. ಬಿದ್ದರೆ ಹಗ್ಗ ಕಿತ್ತುಕೊಂಡು ಎಂಜಿನ್ ನಿಲ್ಲುತ್ತದೆ. ಅದು ಇಲ್ಲದ ಬೈಕಿಗೆ ಹಾಕಿಸಿಯೇ ಓಡಿಸಿ.

ಮಲ್ಲಿಗೆ ಅಮ್ಮ, ಮೈಸೂರು

ನಾನು ಫಿಸಿಯೋಥೆರಪಿಸ್ಟ್. ಮಕ್ಕಳ ಮೂಳೆ ಮುರಿತದ ನಂತರದ ಕೆಲಸವೇ ನನಗೆ ಜಾಸ್ತಿ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಅಭಿಪ್ರಾಯ ಬೇಡ ಎಂದೇ.

ಮಕ್ಕಳ ಉದ್ದ ಮೂಳೆಗಳ ತುದಿಯಲ್ಲಿ ಒಂದು ಮೆತ್ತನೆಯ ಪಟ್ಟಿ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಹೆಣ್ಣುಮಕ್ಕಳಲ್ಲಿ ಸುಮಾರು 14-15ರ ಹೊತ್ತಿಗೆ, ಗಂಡುಮಕ್ಕಳಲ್ಲಿ 16-17ರ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಬಿದ್ದಾಗ ಕೈ ಊರಿದರೆ ಮಣಿಕಟ್ಟಿನ ಹತ್ತಿರ, ಆ ಪಟ್ಟಿಯ ಆಸುಪಾಸಿನಲ್ಲಿ ಪೆಟ್ಟು ಬೀಳುವುದು ಹೆಚ್ಚು. ಬಹಳಷ್ಟು ಸಲ ಪ್ಲಾಸ್ಟರ್ ಹಾಕಿದರೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಕೆಲವು ಸಲ ಆ ಪಟ್ಟಿಗೇ ಏಟು ಬಿದ್ದು ಒಂದು ಕೈ ಅಥವಾ ಕಾಲು ಗಿಡ್ಡ ಉಳಿಯುತ್ತದೆ, ಇಲ್ಲವೇ ಸೊಟ್ಟ ಬೆಳೆಯುತ್ತದೆ. ಅದು ಗೊತ್ತಾಗುವುದು ವರ್ಷಗಳಾದ ಮೇಲೆ.

ತಲೆಯ ವಿಷಯ ಇನ್ನೂ ಬೇರೆ. ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕುತ್ತಿಗೆಯ ಶಕ್ತಿ ಕಡಿಮೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2000ನೇ ಇಸವಿಯಲ್ಲೇ ಹೇಳಿದೆ, 16 ವರ್ಷದೊಳಗಿನವರು ಇಂಥ ಆಫ್‌ರೋಡ್ ಗಾಡಿ ಓಡಿಸಬಾರದು ಎಂದು. ಮಕ್ಕಳ ಡರ್ಟ್ ಬೈಕ್ ಅಲ್ಲಿ ಅಷ್ಟು ಮಾಮೂಲಾಗಿದ್ದರೂ ಅಲ್ಲಿನ ವೈದ್ಯರು ಹೀಗೆ ಹೇಳಿದ್ದಾರೆ ಎಂಬುದನ್ನು ಗಮನಿಸಿ.

ಕಾವೇರಿ ತೀರ, ಕೊಡಗು

ನಮ್ಮ ಕಾಲದಲ್ಲಿ ಹತ್ತು ವರ್ಷಕ್ಕೇ ಗದ್ದೆ ಬಯಲಲ್ಲಿ ಲೂನಾ, ಟಿವಿಎಸ್ 50 ಓಡಿಸುತ್ತಿದ್ದೆವು. ಈಗಲೂ ಇಲ್ಲಿ ಕೊಯ್ಲಾದ ಮೇಲೆ ಗದ್ದೆಯಲ್ಲಿ ಆಟೋಕ್ರಾಸ್ ನಡೆಯುತ್ತದೆ, ಊರಿಗೆ ಊರೇ ಸೇರುತ್ತದೆ. ಮಕ್ಕಳನ್ನು ಮೊಬೈಲ್ ಕೊಟ್ಟು ಮೂಲೆಯಲ್ಲಿ ಕೂರಿಸುವುದಕ್ಕಿಂತ ಇದು ಒಳ್ಳೆಯದು. ಹುಡುಗಿಗೆ ಆಸೆ ಇದೆ, ಜಾಗ ಇದೆ. ಕಲಿಸಿ.

ಮಲ್ಲಿಗೆ ಅಮ್ಮ, ಮೈಸೂರು

ಸರ್, ನಿಮ್ಮ ಜೊತೆ ಓಡಿಸಿದವರಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವರೂ ಇದ್ದಿರಬೇಕಲ್ವಾ?

ಕಾವೇರಿ ತೀರ, ಕೊಡಗು

ಇದ್ದಾರೆ ಮೇಡಂ. ನನ್ನ ಚಿಕ್ಕಪ್ಪನ ಮಗನಿಗೆ ಮೊಣಕಾಲು ಇವತ್ತಿಗೂ ಪೂರ್ತಿ ಮಡಚಲು ಬರುವುದಿಲ್ಲ. ಹೌದು, ಅದನ್ನು ಮೊದಲೇ ಹೇಳಬೇಕಿತ್ತು. ಆದರೂ ಕಲಿಸಿ ಎಂಬ ಮಾತು ಬದಲಿಸುವುದಿಲ್ಲ. ಯಾರೂ ಪಕ್ಕದಲ್ಲಿ ನಿಲ್ಲದೆ ಕಲಿಯುವುದಕ್ಕೆ ಬಿಟ್ಟಿದ್ದು ನಮ್ಮ ಕಾಲದ ತಪ್ಪು.

ಮಣ್ಣಿನ ದಾರಿ, ಬೆಂಗಳೂರು

ಎಂಟು ವರ್ಷ ಮೋಟೋಕ್ರಾಸ್ ಓಡಿಸಿದ್ದೇನೆ. ಈಗ ವಾರಾಂತ್ಯದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಅಳತೆ. ಸಿಸಿ ನೋಡಬೇಡಿ, ಸೀಟಿನ ಎತ್ತರ ಮತ್ತು ಬೈಕಿನ ತೂಕ ನೋಡಿ. ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲಿನ ಒಳಗಿನ ಉದ್ದ ಅಳೆಯಿರಿ. 118 ಸೆಂ.ಮೀ. ಎತ್ತರ ಎಂದರೆ ಸುಮಾರು 52 ಬರಬಹುದು. ಯಮಹಾ ಪಿಡಬ್ಲ್ಯು 50ರ ಸೀಟು 47.5 ಸೆಂ.ಮೀ. ಎತ್ತರ, ತೂಕ 41 ಕೆ.ಜಿ. ಹೋಂಡಾ ಸಿಆರ್‌ಎಫ್ 50 ಸುಮಾರು 55 ಸೆಂ.ಮೀ., 50 ಕೆ.ಜಿ. ನೀವು ಹೇಳಿದ ಕೆಎಲ್‌ಎಕ್ಸ್ 110ರ ಸೀಟು 68 ಸೆಂ.ಮೀ., ತೂಕ 76 ಕೆ.ಜಿ. ಅಂದರೆ ನಿಮ್ಮ ಮಗಳ ಮೂರೂವರೆ ಪಟ್ಟು ಭಾರ. ಬೈಕ್ ನಿಲ್ಲಿಸಿದರೆ ಅವಳ ಕಾಲು ನೆಲಕ್ಕೆ ಸಿಗುವುದಿಲ್ಲ. ಬಿದ್ದರೆ ಅದರ ಅಡಿಯಿಂದ ಕಾಲು ಎಳೆದುಕೊಳ್ಳಲೂ ಆಗುವುದಿಲ್ಲ. ಅದರಲ್ಲೇ ‘ಎಲ್’ ಎಂದು ಇನ್ನೊಂದಿದೆ, ಸೀಟು ಇನ್ನೂ ಎತ್ತರ, ಕೈ ಕ್ಲಚ್ ಬೇರೆ.

ಹನ್ನೆರಡು ವರ್ಷದವರೆಗೂ ಬರಲಿ ಎಂದು ದೊಡ್ಡದು ತಗೊಳ್ಳುವುದು ಸ್ಕೂಲ್ ಶೂ ತಗೊಳ್ಳುವ ಲೆಕ್ಕ. ಬೈಕಿಗೆ ಆ ಲೆಕ್ಕ ಹಿಡಿಯಬೇಡಿ. ಮೊದಲ ಬೈಕಿನಲ್ಲಿ ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಬೇಕು. ಬೇರೆ ಯಾವ ಗುಣಕ್ಕೂ ಇದನ್ನು ಬಿಟ್ಟುಕೊಡಬೇಡಿ.

ತೊಂದರೆ ಏನೆಂದರೆ ಪಿಡಬ್ಲ್ಯು 50, ಸಿಆರ್‌ಎಫ್ 50 ಎರಡನ್ನೂ ಆ ಕಂಪನಿಗಳು ನಮ್ಮಲ್ಲಿ ಮಾರುವುದಿಲ್ಲ. ಯಾರೋ ಹೊರಗಿಂದ ತರಿಸಿದ್ದು ಕೈಯಿಂದ ಕೈಗೆ ಬರಬೇಕು. ಕಾಗದಪತ್ರ ನೋಡಿಯೇ ತಗೊಳ್ಳಿ.

ಇನ್ನು ಯಾರೂ ಮೊದಲೇ ಹೇಳದ ವಿಷಯ. ಹೊಸದಾಗಿ ಕಲಿಯುವ ಮಗು ಹೆದರಿದಾಗ ಏನು ಮಾಡುತ್ತದೆ? ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೈಯಲ್ಲಿರುವುದು ಆಕ್ಸಿಲರೇಟರ್. ಗಾಡಿ ಮುಂದೆ ಹಾರಿದಾಗ ಮೈ ಹಿಂದಕ್ಕೆ ಹೋಗುತ್ತದೆ. ಮೈ ಹಿಂದೆ ಹೋದಷ್ಟೂ ಮಣಿಕಟ್ಟು ಇಳಿದು ಆಕ್ಸಿಲರೇಟರ್ ಇನ್ನೂ ತಿರುಗುತ್ತದೆ. ನಾನು ನೋಡಿದ ಮಕ್ಕಳ ಬೀಳುವಿಕೆಗಳಲ್ಲಿ ಜಾಸ್ತಿ ಇದೇ. ಅಪ್ಪ ಹಿಂದಿನಿಂದ ‘ಬಿಡು, ಬಿಡು’ ಎಂದು ಕೂಗುತ್ತಾ ಓಡುತ್ತಾನೆ. ಮಗುವಿಗೆ ಏನೂ ಕೇಳಿಸುವುದಿಲ್ಲ.

ಅದಕ್ಕೇ ನಾನು ಮೊದಲು ಕಲಿಸುವುದು ನಿಲ್ಲುವುದನ್ನು. ಓಡಿಸುವುದು ಆಮೇಲೆ. ಸೈಕಲ್ಲಿನಲ್ಲೇ ಶುರು ಮಾಡಿ. ಎರಡೂ ಕೈ ಬ್ರೇಕ್ ಇರುವ ಸೈಕಲ್ ಬೇಕು, ಪಕ್ಕದ ಚಕ್ರ ಇರಬಾರದು. ಬಯಲಿನಲ್ಲಿ ಸುಣ್ಣದ ಪುಡಿಯಿಂದ ಎರಡು ಗೆರೆ ಎಳೆಯಿರಿ, ನಡುವೆ ಎರಡು ಮೀಟರ್ ಜಾಗ ಬಿಡಿ. ಅವಳು ಜೋರಾಗಿ ಬಂದು ಆ ಜಾಗದೊಳಗೆ ನಿಲ್ಲಬೇಕು. ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಬಾರದು, ಬ್ರೇಕ್ ಹಿಡಿದೇ ನಿಲ್ಲಬೇಕು. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ನಿಂತ ಮೇಲೆ, ನೀವು ಇದ್ದಕ್ಕಿದ್ದಂತೆ ಕೈ ಎತ್ತಿ ನಿಲ್ಲು ಎನ್ನಿ. ಅಲ್ಲಿಯೂ ನಿಂತರೆ ಬೈಕಿನ ಮಾತು ಶುರು ಮಾಡೋಣ.

ಬೈಕ್ ಬಂದ ಮೇಲೂ ಮೊದಲ ದಿನ ಎಂಜಿನ್ ಆಫ್. ಅವಳು ಕೂತಿರಲಿ, ನೀವು ತಳ್ಳಿ. ಬ್ರೇಕ್ ಎಲ್ಲಿದೆ ಎಂದು ನೋಡದೆ ಬೆರಳು ಹೋಗಬೇಕು. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಮಕ್ಕಳಿಗೆ ಸುಸ್ತಾಗಿದ್ದು ಅವರಿಗೇ ಗೊತ್ತಾಗುವುದಿಲ್ಲ. ಬೀಳುವುದು ಸಾಮಾನ್ಯವಾಗಿ ‘ಅಪ್ಪ, ಇನ್ನೊಂದೇ ರೌಂಡ್’ ಎಂದಾಗ.

ನೀರಿನಾಚೆ ಕನ್ನಡಿಗ, ಕ್ಯಾಲಿಫೋರ್ನಿಯ

ಮೇಲಿನವರು ಹೇಳಿದ ಪಿಡಬ್ಲ್ಯು 50ರಲ್ಲೇ ನಮ್ಮ ಮಗ ಕಲಿತ. ಅದಕ್ಕೂ ಮೊದಲು, ನಾಲ್ಕನೇ ವಯಸ್ಸಿನಲ್ಲಿ, ಪೆಡಲ್ ಇಲ್ಲದ ಸಣ್ಣ ಎಲೆಕ್ಟ್ರಿಕ್ ಬೈಕ್ ಕೊಡಿಸಿದ್ದೆ. ಸ್ಟೇಸಿಕ್ ಎನ್ನುವ ಕಂಪನಿಯದು. ತೂಕ ಎಂಟು ಕೆ.ಜಿ.ಗಿಂತ ಕಡಿಮೆ. ವೇಗ ಮೂರು ಹಂತ, ಜೋರು ಎಂದರೆ ಗಂಟೆಗೆ ಹದಿನಾಲ್ಕು ಹದಿನೈದು ಕಿ.ಮೀ. ಕಾಲಿನಲ್ಲಿ ತಳ್ಳಿಕೊಂಡೂ ಹೋಗಬಹುದು. ಬೈಕ್ ತಾನಾಗಿ ಮುಂದೆ ಹೋಗುತ್ತದೆ ಎಂಬ ಭಯ ಅಲ್ಲೇ ಕಳೆಯಿತು.

ಪಿಡಬ್ಲ್ಯು 50ರಲ್ಲಿ ನನಗೆ ಇಷ್ಟವಾದದ್ದು ಎರಡು. ಮುಂದಿನ ಮತ್ತು ಹಿಂದಿನ ಬ್ರೇಕ್ ಎರಡೂ ಕೈಯಲ್ಲೇ, ಸೈಕಲ್ಲಿನ ಹಾಗೆ. ಸಿಆರ್‌ಎಫ್‌ನಲ್ಲಿ ಹಿಂದಿನದು ಕಾಲಲ್ಲಿ, ಜೊತೆಗೆ ಮೂರು ಗೇರ್. ಎರಡನೆಯದು ಆಕ್ಸಿಲರೇಟರಿಗೆ ಇರುವ ಒಂದು ಸ್ಕ್ರೂ. ಅದನ್ನು ತಿರುಗಿಸಿ ಇಟ್ಟರೆ ಮಗು ಎಷ್ಟೇ ತಿರುಚಿದರೂ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಮೊದಲ ಎರಡು ತಿಂಗಳು ನಾನು ಓಡಿದರೆ ಸಿಗುವ ವೇಗದಲ್ಲೇ ಇಟ್ಟಿದ್ದೆ. ಚೈನ್ ಕೂಡ ಇಲ್ಲ, ಅದರ ಬದಲು ಚಕ್ರ ತಿರುಗಿಸುವುದು ಮುಚ್ಚಿದ ಶಾಫ್ಟ್. ಬೆರಳು ಸಿಕ್ಕುವ ಭಯವಿಲ್ಲ.

ಇಲ್ಲಿ ಡರ್ಟ್ ಬೈಕ್ ಸ್ಕೂಲ್ ಅಂತ ಒಂದು ದಿನದ ತರಬೇತಿ ಇದೆ. ಆರು ವರ್ಷ ತುಂಬಿದ ಮಕ್ಕಳನ್ನು ತಗೊಳ್ಳುತ್ತಾರೆ. ವೈದ್ಯರು 16 ಅನ್ನುತ್ತಾರೆ, ತರಬೇತಿಯವರು ಆರು ಅನ್ನುತ್ತಾರೆ. ನಾನು ಅವೆರಡರ ನಡುವೆ ನಿಂತು ತೀರ್ಮಾನ ಮಾಡಿದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಪ್ರತಿ ಸಲ ಹೆಲ್ಮೆಟ್ಟಿನ ಪಟ್ಟಿ ಕಟ್ಟುವಾಗ ಆ ಪ್ರಶ್ನೆ ಬರುತ್ತದೆ. ಬರಲಿ ಎಂದೇ ಬಿಟ್ಟಿದ್ದೇನೆ. ಆ ಪ್ರಶ್ನೆ ಇರುವುದರಿಂದಲೇ ಪಟ್ಟಿಯನ್ನು ಎರಡೆರಡು ಸಲ ನೋಡುತ್ತೇನೆ.

ಕೋರ್ಟ್ ರಸ್ತೆ, ಚಿಕ್ಕಮಗಳೂರು

ವಕೀಲನಾಗಿ ಒಂದು ಮಾತು. ತೋಟದ ಬೇಲಿಯೊಳಗೆ ಏನು ಮಾಡುತ್ತೀರೋ ಅದು ಬೇರೆ. ಗೇಟು ದಾಟಿ ಪಂಚಾಯ್ತಿ ರಸ್ತೆಗೆ ಹತ್ತು ಅಡಿ ಬಂದರೂ ಕಥೆ ಬೇರೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳ ಎಂದರೆ ಡಾಂಬರು ರಸ್ತೆ ಮಾತ್ರ ಅಲ್ಲ. ಜನರಿಗೆ ಓಡಾಡುವ ಹಕ್ಕಿರುವ ಯಾವ ಜಾಗವೂ ಬರುತ್ತದೆ. ನಿಮ್ಮ ತೋಟದ ನಡುವೆ ಕೆಲಸಗಾರರ ಲೈನ್ ಮನೆಗೋ ಪಕ್ಕದ ಊರಿಗೋ ಜನ ಹಕ್ಕಿನಿಂದ ಓಡಾಡುವ ದಾರಿ ಇದ್ದರೆ ಅದನ್ನೂ ಯೋಚಿಸಿ.

2019ರ ತಿದ್ದುಪಡಿಯ ನಂತರ 199ಎ ಕಲಂ ಬಂದಿದೆ. ಅಪ್ರಾಪ್ತರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಈ ಡರ್ಟ್ ಬೈಕುಗಳಿಗೆ ನೋಂದಣಿಯೇ ಇಲ್ಲ. ಬೇರೆಯವರಿಗೆ ಪೆಟ್ಟಾದರೆ ಇನ್ಶೂರೆನ್ಸ್ ನಿಮ್ಮ ನೆರವಿಗೆ ಬರುವುದಿಲ್ಲ.

ಕಣದಮನೆ, ಸಕಲೇಶಪುರ ಕಡೆ

ಇದನ್ನು ಬರೆಯುತ್ತಿರುವುದು ಮಗಳ ಅಮ್ಮ. ಎಲ್ಲವನ್ನೂ ಓದಿದೆ.

ನನಗೆ ಬೈಕಿನ ಮೇಲೆ ಸಿಟ್ಟಿಲ್ಲ. ನನ್ನ ಲೆಕ್ಕ ಬೇರೆ. ನಮ್ಮ ಮನೆಯಿಂದ ಸಕಲೇಶಪುರಕ್ಕೆ 18 ಕಿ.ಮೀ., ಮಳೆಗಾಲದಲ್ಲಿ ಮುಕ್ಕಾಲು ಗಂಟೆ. ಅಲ್ಲಿಂದ ಹಾಸನಕ್ಕೆ ಇನ್ನೊಂದು 40. ತಲೆಗೆ ಪೆಟ್ಟಾದರೆ ಆ ಹೊತ್ತಿನಲ್ಲಿ ನಾನು ಏನು ಮಾಡಲಿ? ಮನೆಯಲ್ಲಿ ಜೀಪ್ ಇಲ್ಲದ ಹೊತ್ತಿನಲ್ಲಿ ಆದರೆ? 2023ರ ಆಗಸ್ಟ್‌ನಲ್ಲಿ ಚೆನ್ನೈನ ರೇಸ್ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ಬಿದ್ದು ತೀರಿಕೊಂಡ. ಅದು ರಸ್ತೆ ಬೈಕಿನ ರೇಸು, ಇದು ಬೇರೆ ಎಂದು ಇವರು ಹೇಳುತ್ತಾರೆ. ಬೇರೆಯೇ ಇರಬಹುದು. ಆದರೆ ಆ ಹುಡುಗನ ಮನೆಯವರೂ ಎಲ್ಲ ಎಚ್ಚರಿಕೆ ತಗೊಂಡೇ ಕಳಿಸಿರುತ್ತಾರಲ್ವಾ? ನಾನು ಆ ಸುದ್ದಿ ಓದಿದ ದಿನ ಊಟ ಮಾಡಿರಲಿಲ್ಲ.

ಇನ್ನೊಂದು. ತೋಟದೊಳಗಿನ ದಾರಿ ಎಂದು ಇವರು ಸುಲಭವಾಗಿ ಬರೆದಿದ್ದಾರೆ. ಆ ದಾರಿಯ ಪಕ್ಕ ಮುಳ್ಳುತಂತಿ ಬೇಲಿ ಇದೆ. ಗಿಡಗಳ ನಡುವೆ ಮಳೆನೀರು ಇಂಗಲು ತೊಟ್ಟಿಲು ಗುಂಡಿ ತೆಗೆಸಿದ್ದೇವೆ, ಎಲೆ ಬಿದ್ದರೆ ಕಾಣುವುದೇ ಇಲ್ಲ.

ಮಣ್ಣಿನ ದಾರಿ, ಬೆಂಗಳೂರು

ಅಕ್ಕ, ನೀವು ಹೇಳಿದ್ದು ಈ ಚರ್ಚೆಯಲ್ಲಿ ಬರಲೇಬೇಕಿದ್ದ ಮಾತು. ಮುಳ್ಳುತಂತಿ ಇರುವ ದಾರಿಯಲ್ಲಿ ಮಗುವನ್ನು ಓಡಿಸಲೇಬಾರದು. ಆ ಎತ್ತರದಲ್ಲಿ ತಂತಿ ಬರುವುದು ಮಗುವಿನ ಕುತ್ತಿಗೆಗೆ. ಸಿಮೆಂಟಿನ ಕಣವೂ ಬೇಡ. ಬಿದ್ದರೆ ಚರ್ಮ ಕಿತ್ತು ಹೋಗುತ್ತದೆ, ತೇವ ಇದ್ದರೆ ಜಾರುತ್ತದೆ. ಗದ್ದೆ ಬಯಲು ಮಾತ್ರ ನೋಡಿ. ಬದುಗಳನ್ನು ಸಮ ಮಾಡಿಸಬೇಕು. ಕಲ್ಲು, ಕೂಳೆ ತೆಗೆಸಬೇಕು. ನಾಯಿ ಕಟ್ಟಿರಬೇಕು.

ಅಪಾಯ ಇಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಮರುಭೂಮಿಯಲ್ಲಿ ದಿನಗಟ್ಟಲೆ ನಡೆಯುವ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಅವರೇ 2021ರಲ್ಲಿ ಸೌದಿಯಲ್ಲಿ ಬಿದ್ದಾಗ ಕೋಮಾದಲ್ಲಿಟ್ಟು ಚಿಕಿತ್ಸೆ ಕೊಡಬೇಕಾಯಿತು. ಅಷ್ಟು ಅನುಭವ ಇದ್ದವರಿಗೂ ಹಾಗಾಯಿತು. ಮಗುವಿನ ವೇಗ ಬೇರೆ, ಜಾಗ ಬೇರೆ, ಒಪ್ಪುತ್ತೇನೆ. ಆದರೂ ಆಸ್ಪತ್ರೆಗೆ ಎಷ್ಟು ಹೊತ್ತು ಎಂಬ ನಿಮ್ಮ ಪ್ರಶ್ನೆಯನ್ನು ಬೈಕ್ ಖರೀದಿಗೆ ಮೊದಲು ಕೇಳಬೇಕು. ನನ್ನ ಹತ್ತಿರ ಬರುವ ಅಪ್ಪಂದಿರಲ್ಲಿ ಅದನ್ನು ಕೇಳಿದವರು ಒಬ್ಬಿಬ್ಬರು ಅಷ್ಟೇ.

ಒಂದು ದಾರಿ ಹೇಳುತ್ತೇನೆ. ಕೋಲಾರದ ಕಡೆ ಸಂತೋಷ್ ಅವರೇ ಶುರು ಮಾಡಿದ ಬಿಗ್‌ರಾಕ್ ಡರ್ಟ್ ಪಾರ್ಕ್ ಇದೆ. ಫೋನ್ ಮಾಡಿ ಮಗಳ ವಯಸ್ಸು, ಎತ್ತರ ಹೇಳಿ, ಅವಳ ಅಳತೆಯ ಬೈಕ್ ಇದೆಯಾ ಎಂದು ಕೇಳಿ. ಒಂದು ದಿನ ಓಡಿಸಿ ನೋಡಲಿ. ಕೆಲವು ಮಕ್ಕಳಿಗೆ ಎಂಜಿನ್ನಿನ ಸದ್ದಿಗೇ ಆಸೆ ಹೋಗುತ್ತದೆ. ಮೂರು ಲಕ್ಷ ಹಾಕಿದ ಮೇಲೆ ಅದು ಗೊತ್ತಾಗುವುದು ಬೇಡ.

ಗ್ರೀಸ್ ಕೈ, ಹಾಸನ

ಹೆಲ್ಮೆಟ್ ಎಂಥದ್ದು ಬೇಕು ಎಂದು ಯಾರೂ ಬರೆದಿಲ್ಲ. ದೊಡ್ಡವರ ಡರ್ಟ್ ಹೆಲ್ಮೆಟ್ ಒಂದೂವರೆ ಕೆ.ಜಿ. ಹತ್ತಿರ ತೂಗುತ್ತದೆ. ಬಟ್ಟೆ ತುರುಕಿ ಮಗುವಿಗೆ ಹಾಕುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಮಣ್ಣಿನ ದಾರಿ, ಬೆಂಗಳೂರು

ಸರಿಯಾಗಿ ಹೇಳಿದಿರಿ. ಮಕ್ಕಳ ಸೈಜಿನ, ಮಕ್ಕಳಿಗೆಂದೇ ಮಾಡಿದ ಹಗುರವಾದ ಹೆಲ್ಮೆಟ್ ಬೇಕು. ಹಾಕಿದ ಮೇಲೆ ಕೆನ್ನೆ ಸ್ವಲ್ಪ ಒತ್ತಬೇಕು. ಪಟ್ಟಿ ಕಟ್ಟಿ, ಹಿಂದಿನಿಂದ ಮೇಲಕ್ಕೆ ಎತ್ತಿ ನೋಡಿ, ಕಳಚಿ ಬರಬಾರದು. ಒಮ್ಮೆ ಜೋರಾಗಿ ಏಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಎಸೆಯಿರಿ. ಜೊತೆಗೆ ಗಾಗಲ್ಸ್, ಗ್ಲೌಸ್, ಮೊಣಕಾಲು ಮೊಣಕೈಗೆ ಗಾರ್ಡ್, ಎದೆ ಬೆನ್ನಿಗೆ ಗಾರ್ಡ್. ಬೂಟು ಮರೆಯಬೇಡಿ. ಗಮ್‌ಬೂಟು ಸಾಲದು. ಬೈಕ್ ಕಾಲಿನ ಮೇಲೆ ಬಿದ್ದಾಗ ಕಣಕಾಲು ತಿರುಚದ ಹಾಗೆ ಹಿಡಿಯುವ ಗಟ್ಟಿ ಬೂಟು ಬೇಕು. ಬೈಕಿನ ಬಜೆಟ್‌ನಿಂದ ಈ ದುಡ್ಡನ್ನು ಮೊದಲೇ ತೆಗೆದಿಡಿ, ಉಳಿದದ್ದರಲ್ಲಿ ಬೈಕ್ ಹುಡುಕಿ.

ಮಲ್ಲಿಗೆ ಅಮ್ಮ, ಮೈಸೂರು

ನನ್ನ ಮಾತು ಈಗಲೂ ಬೇಡ ಎಂದೇ ಇದೆ. ಆದರೆ ಕೊಡಿಸುವುದೇ ಆದರೆ ಇದನ್ನು ಬರೆದು ಗೋಡೆಗೆ ಅಂಟಿಸಿ: ಬಿದ್ದು ಏಳದಿದ್ದರೆ, ಕುತ್ತಿಗೆ ನೋವು ಎಂದರೆ, ಹೆಲ್ಮೆಟ್ ಎಳೆದು ತೆಗೆಯಬಾರದು, ಎತ್ತಿ ಕೂರಿಸಬಾರದು. ಉಸಿರಾಟಕ್ಕೆ ತೊಂದರೆ ಇದೆಯಾ ನೋಡಿ, ತಲೆ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಿ. ಬಿದ್ದ ಮೇಲೆ ವಾಂತಿ, ಮಂಪರು, ಕೇಳಿದ್ದನ್ನೇ ಕೇಳುವುದು ಕಂಡರೆ ಬೆಳಗ್ಗೆ ನೋಡೋಣ ಎನ್ನಬೇಡಿ, ಆಗಲೇ ಹೊರಡಿ. ಅಪ್ಪ ಅಮ್ಮ ಇಬ್ಬರಿಗೂ ಇದು ಗೊತ್ತಿರಲಿ. ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೂ ಹೇಳಿಡಿ.

ಕಣದಮನೆ, ಸಕಲೇಶಪುರ ಕಡೆ

ಮಗಳ ಅಪ್ಪ ಬರೆಯುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ. ಆರು ವಾರ ಆಯಿತು, ಏನಾಯಿತು ಎಂದು ಹೇಳಬೇಕಲ್ವಾ.

ಕೆಎಲ್‌ಎಕ್ಸ್ ವಿಚಾರ ಬಿಟ್ಟೆ. ಆನ್‌ಲೈನ್ ಬೈಕೂ ಬೇಡ ಎಂದಾಯಿತು. ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅತ್ತಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಸುಣ್ಣದ ಗೆರೆ ಎಳೆದು ಕರೆದೆ.

ಮೊದಲ ದಿನ ಹತ್ತರಲ್ಲಿ ಮೂರು ಸಲ ನಿಂತಳು. ಎಲ್ಲ ಸಲವೂ ಕಾಲು ಉಜ್ಜಿಯೇ. ನಾನು ನೋಡುತ್ತಾ ನಿಂತಾಗ ಎದೆ ಹೊಡೆದುಕೊಂಡಿತು. ಇವಳನ್ನೇ ನಾನು 76 ಕೆ.ಜಿ.ಯ ಬೈಕಿನ ಮೇಲೆ ಕೂರಿಸಬೇಕೆಂದು ಇದ್ದೆ. ಈಗ ಹತ್ತರಲ್ಲಿ ಎಂಟು ಸಲ ಬ್ರೇಕಿನಲ್ಲೇ ನಿಲ್ಲುತ್ತಾಳೆ. ಗೆರೆಗಳ ನಡುವಿನ ಜಾಗವನ್ನು ಅವಳೇ ಒಂದೂವರೆ ಮೀಟರಿಗೆ ಇಳಿಸಿದ್ದಾಳೆ. ಇದ್ದಕ್ಕಿದ್ದಂತೆ ನಿಲ್ಲು ಎಂದಾಗ ಇನ್ನೂ ತಡಬಡಾಯಿಸುತ್ತಾಳೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ನನಗೆ ಪುರುಸೊತ್ತು ಇರುವುದಿಲ್ಲ. ಪಕ್ಕದಲ್ಲಿ ನಿಲ್ಲಲು ಪುರುಸೊತ್ತಿಲ್ಲದಿದ್ದರೆ ಬೈಕ್ ಮನೆಗೆ ಬರಬಾರದು ಎಂದು ಇವಳ ಅಮ್ಮ ಹೇಳಿದಳು. ಒಪ್ಪಿದೆ. ಮಾರ್ಚ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆ ಬಿದ್ದ ಮೇಲೆ ಕೋಲಾರಕ್ಕೆ ಮೂವರೂ ಒಟ್ಟಿಗೆ ಹೋಗುತ್ತೇವೆ. ಅಮ್ಮನೂ ಬರುತ್ತಾಳೆ, ಆದರೆ ಅಲ್ಲಿ ನೋಡಿದ ಮೇಲೂ ಬೇಡ ಅನಿಸಿದರೆ ಬೇಡ ಎನ್ನುತ್ತೇನೆ ಎಂದಿದ್ದಾಳೆ. ಅವಳು ಬೇಡ ಎಂದರೆ ಮುಂದೆ ಹೋಗುವುದಿಲ್ಲ ಎಂದು ನಾನೂ ಮಾತು ಕೊಟ್ಟಿದ್ದೇನೆ.

ಒಂದು ಸಹಾಯ ಬೇಕು. ಮಕ್ಕಳ ಡರ್ಟ್ ಬೂಟು, ಪಾದದ ಉದ್ದ 19 ಸೆಂ.ಮೀ.ಗೆ ಆಗುವಂಥದ್ದು, ಬೆಂಗಳೂರಿನಲ್ಲಿ ಹಾಕಿ ನೋಡಿ ತಗೊಳ್ಳಲು ಎಲ್ಲಾದರೂ ಸಿಗುತ್ತದಾ?

ಮಣ್ಣಿನ ದಾರಿ, ಬೆಂಗಳೂರು

ನನ್ನ ಹತ್ತಿರ ಕಲಿತ ಹುಡುಗನ ಹಳೆಯ ಜೊತೆ ಇದೆ, ಅಳತೆ ಹತ್ತಿರ ಹತ್ತಿರ ಬರುತ್ತದೆ. ಬಕಲ್ ಒಂದು ಸಡಿಲ ಆಗಿದೆ, ಸರಿ ಮಾಡಿಸಿ ಇಟ್ಟಿರುತ್ತೇನೆ. ಕೋಲಾರಕ್ಕೆ ಹೋಗುವಾಗ ದಾರಿಯಲ್ಲಿ ಬನ್ನಿ, ಹಾಕಿ ನೋಡಲಿ. ಸೈಕಲ್ ಸಾಕ್ಸ್ ಅಲ್ಲ, ದಪ್ಪ ಸಾಕ್ಸ್ ತನ್ನಿ.